ಆ ಹಾಡು ಕಾರ್ಲ್ ಪರ್ಕಿನ್ಸ್‌ನದೇ

ಮಾನ್ಯರೇ,

ಕಳೆದ ಸಂಚಿಕೆಯ ಎಲ್ವಿಸ್ ಪ್ರೀಸ್ಲಿ ಲೇಖನದಲ್ಲಿ ‘ಬ್ಲೂ ಸ್ವೇಡ್ ಶೂಸ್’ (ನೀಲಿ ಮೆದುಚರ್ಮದ ಶೂಗಳು) ಎಲ್ವಿಸ್‌ನ ಹಾಡು ಎಂದು ಅಚ್ಚಾಗಿದ್ದಕ್ಕೆ ನೀವು ಕೋಪದಿಂದಲೇ ಬರೆದಿದ್ದೀರಿ. ಆ ಹಾಡು ಕಟ್ಟಿದವನೂ ಮೊದಲು ಹಾಡಿದವನೂ ಕಾರ್ಲ್ ಪರ್ಕಿನ್ಸ್. ಅವನು ಅಪಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಎಲ್ವಿಸ್ ಅದನ್ನು ಕಿತ್ತುಕೊಂಡ. ಆ ಅಪಘಾತ ಆಗದಿದ್ದರೆ ರಾಕ್ ಅಂಡ್ ರೋಲ್‌ನ ರಾಜನ ಪಟ್ಟ ಕಾರ್ಲ್‌ನದೇ ಆಗಿರುತ್ತಿತ್ತು ಎಂದಿದ್ದೀರಿ. ಮೊದಲನೆಯ ಮಾತು ಪೂರ್ತಿ ನಿಜ. ಲೇಖನ ಅಚ್ಚಿಗೆ ಹೋಗುವ ಮುಂಚೆ ಓದಿದವನು ನಾನೇ, ತಪ್ಪು ನನ್ನದು, ಕ್ಷಮಿಸಿ. ಉಳಿದ ಎರಡನ್ನು ಮಾತ್ರ ಒಪ್ಪಲಾರೆ. ಕಾರ್ಲ್ ಮೇಲಿನ ಪ್ರೀತಿಯಿಂದಲೇ ಒಪ್ಪಲಾರೆ.

ಅವನು ಹುಟ್ಟಿದ್ದು 1932ರಲ್ಲಿ, ಅಮೆರಿಕದ ಟೆನೆಸ್ಸೀ ರಾಜ್ಯದ ಟಿಪ್ಟನ್‌ವಿಲ್ ಬಳಿ. ಸ್ವಂತ ಹೊಲವಿಲ್ಲದೆ ಪಾಲಿಗೆ ಹತ್ತಿ ಬೆಳೆಯುತ್ತಿದ್ದ ಮನೆತನ. ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದ. ಹಗಲೆಲ್ಲ ಜೊತೆಯ ಕಪ್ಪು ಜನಾಂಗದ ಕೂಲಿಯವರ ಹಾಡು ಕಿವಿಗೆ ಬೀಳುತ್ತಿತ್ತು. ಶನಿವಾರ ರಾತ್ರಿ ರೇಡಿಯೋದಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಓಪ್ರಿ’ ಕಾರ್ಯಕ್ರಮದ ಕಂಟ್ರಿ ಸಂಗೀತ, ಅಂದರೆ ಬಿಳಿಯರ ಹಳ್ಳಿಗಾಡಿನ ಹಾಡು. ಮೊದಲ ಗಿಟಾರು ಅಪ್ಪ ಸಿಗಾರ್ ಡಬ್ಬಿಗೆ ಪೊರಕೆಯ ಕೋಲು ಸಿಕ್ಕಿಸಿ ಮಾಡಿಕೊಟ್ಟದ್ದು. ಆಮೇಲೆ ಯಾರೋ ಬಳಸಿದ ಹಳೆಯದೊಂದು ಕೈಗೆ ಬಂತು. ಅದನ್ನು ನುಡಿಸಲು ಹೇಳಿಕೊಟ್ಟವರು ಜಾನ್ ವೆಸ್ಟ್‌ಬ್ರೂಕ್ ಎಂಬ ಕಪ್ಪು ಜನಾಂಗದ ಹಿರಿಯರು. ಅದೇ ಹೊಲಗಳಲ್ಲಿ ದುಡಿಯುತ್ತಿದ್ದ ಅವರನ್ನು ಹುಡುಗ ‘ಅಂಕಲ್ ಜಾನ್’ ಎಂದೇ ಕರೆಯುತ್ತಿದ್ದ.

ತಂತಿ ಕಡಿದರೆ ಹೊಸದು ತರಲು ಕಾಸಿರಲಿಲ್ಲ. ಕಡಿದದ್ದನ್ನೇ ಗಂಟು ಹಾಕಿ ಬಿಗಿಯುತ್ತಿದ್ದ. ತಂತಿಯುದ್ದಕ್ಕೂ ಬೆರಳು ಜಾರಿಸಹೋದರೆ ಗಂಟು ಸಿಕ್ಕಿ ಬೆರಳು ಕೊಯ್ಯುತ್ತಿತ್ತು. ಅದಕ್ಕೇ ಜಾರಿಸುವುದನ್ನು ಬಿಟ್ಟು, ಇದ್ದಲ್ಲೇ ತಂತಿಯನ್ನು ಪಕ್ಕಕ್ಕೆ ಎಳೆದು ಬೇಕಾದ ಸ್ವರ ಹೊರಡಿಸುವುದನ್ನು ರೂಢಿಸಿಕೊಂಡ. ವೀಣೆಯಲ್ಲಿ ಗಮಕಕ್ಕಾಗಿ ತಂತಿ ಎಳೆಯುವುದನ್ನು ಹತ್ತಿರದಿಂದ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಟ್ರಿ ಹಾಡಿನ ನಡುವೆ ಕಪ್ಪು ಜನರ ಬ್ಲೂಸ್ ಸಂಗೀತದ ಆ ಎಳೆತ ಬಂದು ಕೂತದ್ದು ಹೀಗೆ. ಮುಂದೆ ಅದಕ್ಕೆ ರಾಕಬಿಲಿ ಎಂಬ ಹೆಸರು ಬಿತ್ತು.

ಅಣ್ಣ ಜೇ, ತಮ್ಮ ಕ್ಲೇಟನ್ ಜೊತೆ ಸೇರಿ ಜಾಕ್ಸನ್ ಊರಿನ ಸುತ್ತಮುತ್ತಲ ಹೆಂಡದಂಗಡಿಗಳಲ್ಲಿ ವರ್ಷಗಟ್ಟಲೆ ನುಡಿಸಿದ. ಹಗಲು ಹೊಟ್ಟೆಪಾಡಿನ ಕೆಲಸ. ಕೆಲಕಾಲ ಬೇಕರಿಯೊಂದರಲ್ಲಿ ಬ್ರೆಡ್ಡಿನ ತಟ್ಟೆಗಳಿಗೆ ಜಿಡ್ಡು ಸವರುತ್ತಿದ್ದ. 1954ರಲ್ಲಿ ಎಲ್ವಿಸ್‌ನ ಮೊದಲ ರೆಕಾರ್ಡು ರೇಡಿಯೋದಲ್ಲಿ ಬಂದಾಗ, ನೀವು ನುಡಿಸುವುದೂ ಹೀಗೇ ಅಲ್ಲವೇ ಎಂದವಳು ಹೆಂಡತಿ ವಾಲ್ಡಾ. ಆ ಮಾತೇ ಅವನನ್ನು ಆ ರೆಕಾರ್ಡು ಹೊರತಂದ ಮೆಂಫಿಸ್‌ನ ಸನ್ ಸ್ಟುಡಿಯೋಕ್ಕೆ, ಅದರ ಒಡೆಯ ಸ್ಯಾಮ್ ಫಿಲಿಪ್ಸ್ ಬಾಗಿಲಿಗೆ ಹೊರಡಿಸಿತು.

ಇನ್ನು ನಿಮ್ಮ ಹಾಡಿನ ವಿಷಯ. 1955ರ ಡಿಸೆಂಬರ್. ನೃತ್ಯಕೂಟವೊಂದರಲ್ಲಿ ಕುಣಿಯುತ್ತಿದ್ದ ಹುಡುಗನೊಬ್ಬ ನನ್ನ ಶೂ ತುಳಿಯಬೇಡ ಎಂದು ಜೊತೆಗಾತಿಯನ್ನು ಗದರಿದ್ದು ಕಾರ್ಲ್ ಕಿವಿಗೆ ಬಿತ್ತು. ಅಷ್ಟು ಚಂದದ ಹುಡುಗಿಗಿಂತ ಇವನಿಗೆ ಶೂ ಹೆಚ್ಚಾಯಿತಲ್ಲ ಎಂಬುದು ಅವನ ತಲೆಯಿಂದ ಹೋಗಲಿಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ಎದ್ದ. ಮನೆಯಲ್ಲಿ ಬರೆಯಲು ಹಾಳೆಯಿರಲಿಲ್ಲ. ಆಲೂಗಡ್ಡೆ ತಂದಿದ್ದ ಕಂದು ಕಾಗದದ ಚೀಲವನ್ನು ಖಾಲಿ ಮಾಡಿ ಅದರ ಮೇಲೇ ಹಾಡು ಬರೆದ. ‘ಸ್ವೇಡ್’ ಪದದ ಕಾಗುಣಿತ ಗೊತ್ತಿಲ್ಲದೆ ಕಿವಿಗೆ ಕೇಳಿದಂತೆ ಬರೆದುಕೊಂಡನಂತೆ. 1956ರ ಹೊಸ ವರ್ಷಕ್ಕೆ ರೆಕಾರ್ಡು ಹೊರಬಂತು. ಕಂಟ್ರಿ, ಪಾಪ್, ರಿದಮ್ ಅಂಡ್ ಬ್ಲೂಸ್ ಮೂರೂ ಜನಪ್ರಿಯತೆಯ ಪಟ್ಟಿಗಳಲ್ಲಿ ಮೇಲಕ್ಕೇರಿತು. ಬಿಳಿಯರ ಸಂಗೀತ ಬೇರೆ, ಕಪ್ಪು ಜನರದು ಬೇರೆ ಎಂದು ಪಟ್ಟಿಗಳನ್ನೇ ಪ್ರತ್ಯೇಕ ಇಟ್ಟಿದ್ದ ಕಾಲವದು. ಸನ್ ಕಂಪನಿಯ ರೆಕಾರ್ಡುಗಳಲ್ಲಿ ಹತ್ತು ಲಕ್ಷ ಪ್ರತಿ ದಾಟಿದ ಮೊದಲನೆಯದೂ ಇದೇ.

ಮಾರ್ಚ್ 22ರಂದು, ಪೆರಿ ಕೋಮೋ ಟಿವಿ ಕಾರ್ಯಕ್ರಮಕ್ಕಾಗಿ ನ್ಯೂಯಾರ್ಕಿಗೆ ಹೋಗುತ್ತಿದ್ದಾಗ ಡೆಲವೇರ್‌ನಲ್ಲಿ ಅವರ ಕಾರು ಟ್ರಕ್ಕಿಗೆ ಗುದ್ದಿತು. ಟ್ರಕ್ಕಿನಲ್ಲಿದ್ದ ರೈತ ತೀರಿಕೊಂಡ. ನೀರಿನ ಹಳ್ಳದಲ್ಲಿ ಬೋರಲು ಬಿದ್ದಿದ್ದ ಕಾರ್ಲ್‌ನನ್ನು ಡ್ರಮ್ ನುಡಿಸುವ ಹಾಲೆಂಡ್ ಹೊರಳಿಸದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅಣ್ಣ ಜೇಗೂ ಕುತ್ತಿಗೆ ಮುರಿಯಿತು. 1958ರಲ್ಲಿ ಅವನು ಮೆದುಳಿನ ಗೆಡ್ಡೆಯಿಂದ ತೀರಿಕೊಂಡ.

ಆದರೆ ತಾರೀಖುಗಳನ್ನು ನೋಡಿ. ಎಲ್ವಿಸ್ ಆ ಹಾಡನ್ನು ಧ್ವನಿಮುದ್ರಿಸಿದ್ದು ಜನವರಿ 30ರಂದು. ಟಿವಿಯಲ್ಲಿ ಹಾಡಿದ್ದು ಫೆಬ್ರವರಿಯಲ್ಲಿ. ಎರಡೂ ಅಪಘಾತಕ್ಕೆ ಮೊದಲೇ. ಕಾರ್ಲ್‌ನ ರೆಕಾರ್ಡು ಓಡುತ್ತಿರುವಷ್ಟು ದಿನ ಎಲ್ವಿಸ್‌ನ ಕಂಪನಿ ತನ್ನದನ್ನು ಬಿಡಿ ರೆಕಾರ್ಡಾಗಿ ಬಿಡುಗಡೆ ಮಾಡಲಿಲ್ಲ. ಪಾಪ್ ಪಟ್ಟಿಯಲ್ಲಿ ಕಾರ್ಲ್ ಮುಟ್ಟಿದ್ದು 2ನೇ ಸ್ಥಾನ, ಎಲ್ವಿಸ್ 20ನೇ ಸ್ಥಾನ. ಅದೇ ವರ್ಷ ಡಿಸೆಂಬರ್ 4ರಂದು ಕಾರ್ಲ್ ‘ಮ್ಯಾಚ್‌ಬಾಕ್ಸ್’ ಮುದ್ರಿಸಿಕೊಳ್ಳುತ್ತಿದ್ದ ಕೋಣೆಗೆ ಎಲ್ವಿಸ್ ಸುಮ್ಮನೆ ಬಂದು ಕೂತ. ಪಿಯಾನೋ ಮುಂದೆ ಜೆರಿ ಲೀ ಲೂಯಿಸ್ ಇದ್ದ. ಎಲ್ಲರೂ ಸೇರಿ ಭಜನೆಗೆ ಕೂತವರ ಹಾಗೆ ಗಾಸ್ಪೆಲ್, ಅಂದರೆ ಕ್ರೈಸ್ತ ಭಕ್ತಿಗೀತೆಗಳನ್ನು ಹಾಡಿದರು. ಕಿತ್ತುಕೊಂಡವನ ಜೊತೆ ಹೀಗೆ ದನಿಗೂಡಿಸಲು ಯಾರಿಗೂ ಆಗದು.

ಆಮೇಲೆ ಕಾರ್ಲ್‌ನನ್ನು ಕುಡಿತ ಬಹಳ ವರ್ಷ ಕಾಡಿತು. ಗಾಯಕ ಜಾನಿ ಕ್ಯಾಶ್ ತನ್ನ ತಂಡದಲ್ಲಿ ಜಾಗ ಕೊಟ್ಟ. ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾದರು. ಕ್ಯಾಶ್‌ಗಾಗಿ ಕಾರ್ಲ್ ಬರೆದ ‘ಡ್ಯಾಡಿ ಸ್ಯಾಂಗ್ ಬೇಸ್’ 1969ರ ಆರಂಭದಲ್ಲಿ ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು. ತಾನು ಬಾಳಿದ ಜಾಕ್ಸನ್‌ನಲ್ಲಿ ಹಿಂಸೆಗೊಳಗಾದ ಮಕ್ಕಳಿಗಾಗಿ ಕೇಂದ್ರ ಕಟ್ಟಲು ನೆರವಾದ. ಅದು ಅವನ ಹೆಸರಿನಲ್ಲೇ ನಡೆಯುತ್ತಿದೆ.

ರಾಜನ ಪಟ್ಟ ತಪ್ಪಿಹೋಯಿತು ಎಂದು ನೀವು ಮರುಗುತ್ತೀರಿ. ಅತ್ತ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, ಮುಂದೆ ಬೀಟಲ್ಸ್ ತಂಡವಾದ ಹುಡುಗರು ಅವನ ರೆಕಾರ್ಡುಗಳನ್ನು ಸವೆಯುವಂತೆ ಕೇಳಿ ಗಿಟಾರು ಕಲಿಯುತ್ತಿದ್ದರು. 1960ರಲ್ಲಿ ಸ್ಕಾಟ್ಲೆಂಡಿನ ಊರೂರು ಸುತ್ತುವಾಗ ಅವರಲ್ಲೊಬ್ಬನಾದ ಜಾರ್ಜ್ ಹ್ಯಾರಿಸನ್ ತನಗೆ ಇಟ್ಟುಕೊಂಡ ಹೆಸರು ಕಾರ್ಲ್ ಹ್ಯಾರಿಸನ್. 1964ರಲ್ಲಿ ಬೀಟಲ್ಸ್ ‘ಮ್ಯಾಚ್‌ಬಾಕ್ಸ್’ ಮುದ್ರಿಸಿದಾಗ ಕಾರ್ಲ್ ಸ್ಟುಡಿಯೋದಲ್ಲೇ ಇದ್ದ. ಅವನ ಮೂರು ಹಾಡುಗಳು ಅವರ ರೆಕಾರ್ಡುಗಳಲ್ಲಿವೆ. 1998ರ ಜನವರಿಯಲ್ಲಿ, 65ನೇ ವಯಸ್ಸಿನಲ್ಲಿ ಕಾರ್ಲ್ ತೀರಿಕೊಂಡಾಗ ಅದೇ ಹ್ಯಾರಿಸನ್ ಜಾಕ್ಸನ್‌ಗೆ ಬಂದು, ಅಂತ್ಯಕ್ರಿಯೆಯಲ್ಲಿ ಗಿಟಾರು ಹಿಡಿದು ಅವನದೇ ಹಾಡು ಹಾಡಿದ.

ನಿಮ್ಮಲ್ಲಿ ‘ಬ್ಲೂ ಸ್ವೇಡ್ ಶೂಸ್’ ಹಳೆಯ ರೆಕಾರ್ಡು ಇದೆ ಎಂದಿದ್ದೀರಿ. ದಯವಿಟ್ಟು ಅದನ್ನು ತಿರುಗಿಸಿ ಹಾಕಿ. ಹಿಂಬದಿಯಲ್ಲಿ ‘ಹನಿ ಡೋಂಟ್’ ಇದೆ. ನಡುವೆ ಗಿಟಾರು ಒಂಟಿಯಾಗಿ ಬರುವಲ್ಲಿ ಆ ತಂತಿಯ ಎಳೆತಕ್ಕೆ ಕಿವಿಗೊಡಿ.

— ಸಂ.