ಸೀಗಡಿ ಸಿಪ್ಪೆಯಿಲ್ಲದೆ, ಶಿಲೀಂಧ್ರದಿಂದ ಕೈಟೋಸಾನ್ ತಯಾರಿಸಬಹುದೇ?

ಖಂಡಿತ ತಯಾರಿಸಬಹುದು. ಆದರೆ ಯಾವ ಶಿಲೀಂಧ್ರ ಎಂಬುದೇ ಮುಖ್ಯ ಪ್ರಶ್ನೆ. ಹೆಚ್ಚಿನ ಬೂಷ್ಟುಗಳ ಕೋಶಭಿತ್ತಿಯಲ್ಲಿರುವುದು ಕೈಟಿನ್ ಎಂಬ ಗಟ್ಟಿ ನಾರಿನಂಥ ವಸ್ತು; ಸೀಗಡಿ ಸಿಪ್ಪೆಯಲ್ಲಿರುವುದೂ ಅದೇ. ಅದರ ಅಣುವಿಗೆ ಅಂಟಿಕೊಂಡಿರುವ ಅಸಿಟೈಲ್ ಗುಂಪುಗಳೆಂಬ ಸಣ್ಣ ತುಣುಕುಗಳನ್ನು ಕಿತ್ತುಹಾಕಿದರೆ ಕೈಟೋಸಾನ್ ಆಗುತ್ತದೆ; ಅದಕ್ಕಾಗಿ ಕಾಸ್ಟಿಕ್ ಸೋಡಾದ ಗಾಢ ದ್ರಾವಣದಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಮ್ಯೂಕರ್, ರೈಜೋಪಸ್ ಜಾತಿಯವು ಹಾಗಲ್ಲ. ಕೈಟಿನ್ ಡಿಅಸಿಟೈಲೇಸ್ ಎಂಬ ಕಿಣ್ವದಿಂದ ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಹಳಸಿದ ಬ್ರೆಡ್ಡಿನ ಮೇಲೆ ಕಾಣುವ ಕಪ್ಪು ಬೂಷ್ಟು ಇದೇ ಬಳಗದ್ದು!

ಗ್ಲೂಕೋಸ್, ಯೀಸ್ಟ್ ಸಾರವಿರುವ ದ್ರವದಲ್ಲಿ, ಗಾಳಿಯಾಡಿಸುತ್ತ ಎರಡು ಮೂರು ದಿನ ಬೆಳೆಸುತ್ತಾರೆ. ಬೆಳವಣಿಗೆಯ ವೇಗ ತಗ್ಗುವ ಹೊತ್ತಿಗೆ ಸೋಸಿಬಿಡಬೇಕು. ತಡವಾದರೆ ಇಳುವರಿ ಇಳಿಯುತ್ತದೆ. ತೆಳು ಕ್ಷಾರದಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಪ್ರೋಟೀನ್ ಕರಗಿಹೋಗುತ್ತದೆ. ಉಳಿದದ್ದನ್ನು ಬಿಸಿಯಾದ, ಸುಮಾರು 2% ಅಸಿಟಿಕ್ ಆಮ್ಲದಲ್ಲಿ ಇಟ್ಟಾಗ ಕೈಟೋಸಾನ್ ಮಾತ್ರ ಕರಗಿ, ಕೈಟಿನ್ ಹಿಂದುಳಿಯುತ್ತದೆ. ಆ ದ್ರಾವಣದ ಪಿಎಚ್ ಅನ್ನು 9ರ ಆಸುಪಾಸಿಗೆ ಏರಿಸಿದರೆ ಬಿಳಿ ಚರಟವಾಗಿ ಕೆಳಗೆ ಕೂರುತ್ತದೆ.

ಸಿಪ್ಪೆಯ ಸುಣ್ಣ ತೆಗೆಯುವ ಆಮ್ಲದ ಗೋಜಿಲ್ಲ, ಸೀಗಡಿ ಅಲರ್ಜಿಯ ಭಯವಿಲ್ಲ, ಮೀನುಗಾರಿಕೆಯ ಋತುವಿಗೆ ಕಾಯಬೇಕಿಲ್ಲ. ತೊಡಕೆಂದರೆ ಇಳುವರಿ: ಒಣ ಶಿಲೀಂಧ್ರದ ತೂಕದಲ್ಲಿ ಸಾಮಾನ್ಯವಾಗಿ 5ರಿಂದ 10% ಅಷ್ಟೇ. ಹೀಗಾಗಿ ಅಗ್ಗದ ಕಾಕಂಬಿಯಂಥ ಕಚ್ಚಾವಸ್ತು ಸಿಗದಿದ್ದರೆ ಲೆಕ್ಕ ಹೊಂದುವುದು ಕಷ್ಟ.