ಅಮೆರಿಕದ ಕಾನ್ಸಸ್ ರಾಜ್ಯದ ಗವರ್ನರ್ ಆಗಿದ್ದ ಬ್ರೌನ್‌ಬ್ಯಾಕ್ ತೆರಿಗೆ ಇಳಿಸಿದಾಗ ಶಾಲೆಗಳಿಗೆ ಯಾಕೆ ಪೆಟ್ಟು ಬಿತ್ತು?

ತೆರಿಗೆ ಇಳಿದರೆ ವ್ಯಾಪಾರ ಬೆಳೆದು ಖಜಾನೆ ತಾನಾಗಿ ತುಂಬುತ್ತದೆ ಎಂಬ ಲೆಕ್ಕ ಕೈಕೊಟ್ಟಿತು, ಅದಕ್ಕೇ. ಅಮೆರಿಕದ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರಂತಲ್ಲ, ಹೆಚ್ಚುಕಡಿಮೆ ಮುಖ್ಯಮಂತ್ರಿ ಇದ್ದಂತೆ. ಬಜೆಟ್ ಹೊಣೆ ಅವರ ಮೇಲೇ ಇರುತ್ತದೆ.

2012ರಲ್ಲಿ ಸ್ಯಾಮ್ ಬ್ರೌನ್‌ಬ್ಯಾಕ್ ರಾಜ್ಯದ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 6.45ರಿಂದ 4.9ಕ್ಕೆ ಇಳಿಸಿದರು. ಅದಕ್ಕಿಂತ ಜಾಸ್ತಿ ಟೀಕೆ ಬಂದದ್ದು ಇನ್ನೊಂದಕ್ಕೆ: ಮಾಲೀಕರ ಸ್ವಂತ ಆದಾಯವಾಗಿಯೇ ಲೆಕ್ಕಕ್ಕೆ ಬರುವ ವ್ಯವಹಾರಗಳ ಲಾಭಕ್ಕೆ ರಾಜ್ಯದ ತೆರಿಗೆ ಸೊನ್ನೆ. ಅಂದರೆ ಸ್ವಂತ ಕಚೇರಿಯ ವಕೀಲರಿಗೆ ತೆರಿಗೆ ಇಲ್ಲ, ಆ ಕಚೇರಿಯಲ್ಲಿ ಸಂಬಳಕ್ಕಿರುವ ಗುಮಾಸ್ತರಿಗೆ ಇದೆ! ಕೈಲಿ ದುಡ್ಡು ಉಳಿಯಿತು ಅಂತ ಯಾರೂ ಸುಮ್ನೆ ಹೊಸಬರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ, ಗಿರಾಕಿ ಹೆಚ್ಚಿದರೆ ಇಟ್ಟುಕೊಳ್ಳುತ್ತಾರೆ, ಅಲ್ವಾ?

ರಾಜ್ಯದ ಸಾಮಾನ್ಯ ನಿಧಿಯಲ್ಲಿ ಸುಮಾರು ಅರ್ಧ ಹೋಗುವುದು ಶಾಲೆಗಳಿಗೆ. ಹಾಗಾಗಿ ಖಜಾನೆಗೆ ತೂತು ಬಿದ್ದರೆ ಮೊದಲು ತಟ್ಟುವುದೂ ಅಲ್ಲಿಗೇ. ರಸ್ತೆ ನಿಧಿಯಿಂದ ಹಣ ತೆಗೆದರು, 2015ರಲ್ಲಿ ಮಾರಾಟ ತೆರಿಗೆ ಏರಿಸಿದರು. ಅದೇ ವರ್ಷ ಕೆಲವು ಕಡೆ ದುಡ್ಡಿಲ್ಲದೆ ಶಾಲೆಗಳು ಬೇಸಿಗೆ ರಜೆಯನ್ನು ಕೆಲವು ದಿನ ಮೊದಲೇ ಕೊಟ್ಟವು.

2017ರ ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಾಲೆಗಳಿಗೆ ಕೊಡುತ್ತಿರುವ ಹಣ ಸಾಲದು ಎಂದಿತು. ಜೂನ್‌ನಲ್ಲಿ ಶಾಸಕರು, ಬ್ರೌನ್‌ಬ್ಯಾಕ್ ಅವರದೇ ರಿಪಬ್ಲಿಕನ್ ಪಕ್ಷದ ಹಲವರೂ ಸೇರಿ, ಗವರ್ನರ್ ಒಡ್ಡಿದ ತಡೆ (ವೀಟೊ) ಮೀರಿ ತೆರಿಗೆ ಕಡಿತದ ಬಹುಪಾಲನ್ನು ರದ್ದು ಮಾಡಿದರು.