ಓದುಗರ ಪ್ರಶ್ನೆ: ಡೇಟೋನಾ ಒಳಗಿನ ಜೆನಿತ್

ಪ್ರಶ್ನೆ: ರೋಲೆಕ್ಸ್‌ನ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಸೌಲಭ್ಯದ) ವಾಚು ಡೇಟೋನಾದೊಳಗೆ ಒಂದು ಕಾಲಕ್ಕೆ ಜೆನಿತ್ ಕಂಪನಿಯ ಮೂವ್‌ಮೆಂಟ್ (ವಾಚಿನ ಒಳಯಂತ್ರ) ಇತ್ತಂತೆ. ಹಾಗಾದರೆ ಡಯಲ್ ಮೇಲೆ ತನ್ನ ಹೆಸರು ಬರೆದದ್ದು ಬಿಟ್ಟರೆ ರೋಲೆಕ್ಸ್ ಮಾಡಿದ್ದೇನು?

ಉತ್ತರ: ಇದ್ದದ್ದು ನಿಜ. 1988ರಲ್ಲಿ ಬಂದು 2000ದವರೆಗೆ ನಡೆದ 16520 ಮಾದರಿಯ 4030 ಕ್ಯಾಲಿಬರ್‌ಗೆ (ಕ್ಯಾಲಿಬರ್ ಎಂದರೆ ಮೂವ್‌ಮೆಂಟಿನ ಮಾದರಿ) ಮೂಲ, ಜೆನಿತ್ 1969ರಲ್ಲಿ ತಂದ ಎಲ್ ಪ್ರಿಮೆರೊ. ಆದರೆ ಬದಲಾವಣೆ ಹೆಸರಿಗೆ ಮಾತ್ರ ಆದದ್ದಲ್ಲ.

ಎಲ್ ಪ್ರಿಮೆರೊ ಗಂಟೆಗೆ 36,000 ಸಲ ಬಡಿಯುತ್ತದೆ. ರೋಲೆಕ್ಸ್ ಅದನ್ನು 28,800ಕ್ಕೆ ಇಳಿಸಿತು. ಬಡಿತ ಚುರುಕಾದಷ್ಟೂ ಎಸ್ಕೇಪ್ ವ್ಹೀಲ್ (ಬಡಿತಕ್ಕೆ ತಕ್ಕಂತೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಚಕ್ರ) ಹಲ್ಲುಗಳ ಮೇಲೆ ಎಣ್ಣೆ ನಿಲ್ಲುವುದು ಕಷ್ಟ, ಸವೆತವೂ ಜಾಸ್ತಿ. ಇಳಿಸಿದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು: ಮೂಲದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಅಳೆಯುತ್ತಿದ್ದ ಕ್ರೋನೋಗ್ರಾಫ್ ಮುಳ್ಳು ಈಗ ಎಂಟನೇ ಒಂದು ಭಾಗವನ್ನಷ್ಟೇ ಅಳೆಯಬಲ್ಲದು.

ಬರೀ ಬ್ಯಾಲೆನ್ಸ್ ಚಕ್ರ (ತೂಗಾಡುತ್ತ ಬಡಿತ ಕೊಡುವ ಚಕ್ರ), ಹೇರ್‌ಸ್ಪ್ರಿಂಗ್ (ಅದನ್ನು ತೂಗಾಡಿಸುವ ಸುರುಳಿ) ಬದಲಿಸಿದರೆ ಈ ಕೆಲಸ ಆಗುವುದಿಲ್ಲ. ಎರಡು ಬಡಿತಗಳ ಅನುಪಾತ 5:4. ಹಳೆಯ ಹಲ್ಲುಚಕ್ರಗಳನ್ನೇ ಉಳಿಸಿಕೊಂಡರೆ ಒಂದು ಗಂಟೆ ಕಳೆಯುವಷ್ಟರಲ್ಲಿ ವಾಚು 48 ನಿಮಿಷ ಮಾತ್ರ ಮುಂದೆ ಹೋಗುತ್ತದೆ. ಹಾಗಾಗಿ ಎಸ್ಕೇಪ್‌ಮೆಂಟ್ (ಬಡಿತಕ್ಕೆ ತಕ್ಕಂತೆ ಚಕ್ರಗಳನ್ನು ತಡೆದು ಬಿಡುವ ಭಾಗ) ಕಡೆಯ ಹಲ್ಲುಗಳ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಗುತ್ತದೆ.

ಜೊತೆಗೆ ವಾಚಿನ ವೇಗ ಹೊಂದಿಸುವ ರೆಗ್ಯುಲೇಟರ್ ಕಡ್ಡಿ ಹೋಯಿತು, ತಾರೀಖು ತೋರಿಸುವ ಭಾಗಗಳೂ ಹೋದವು. ಬದಲಿಗೆ ಬಂದದ್ದು ಬ್ರೆಗೆ ಸುರುಳಿಯ (ಹೊರತುದಿ ಮೇಲೆತ್ತಿ ಬಾಗಿಸಿದ) ಹೇರ್‌ಸ್ಪ್ರಿಂಗ್ ಮತ್ತು ಅಂಚಿನ ಒಳಮೈಯಲ್ಲಿ ಮೈಕ್ರೋಸ್ಟೆಲ್ಲಾ ಎಂಬ ಪುಟ್ಟ ನಟ್‌ಗಳಿರುವ ಬ್ಯಾಲೆನ್ಸ್. ನಟ್ ಹೊರಕ್ಕೆ ಸರಿದರೆ ವಾಚು ನಿಧಾನ, ಒಳಕ್ಕೆ ಸರಿದರೆ ಚುರುಕು. ಎದುರುಬದುರಿನ ಜೋಡಿಯನ್ನು ಒಂದೇ ಅಳತೆಯಲ್ಲಿ ತಿರುಗಿಸಬೇಕು. ಒಂದನ್ನೇ ಮುಟ್ಟಿದರೆ ಚಕ್ರದ ಸಮತೋಲ ತಪ್ಪಿ, ವಾಚನ್ನು ನೆಟ್ಟಗೆ ನಿಲ್ಲಿಸಿಟ್ಟಾಗ ಒಂದು ಲೆಕ್ಕ, ಮಲಗಿಸಿಟ್ಟಾಗ ಇನ್ನೊಂದು ಲೆಕ್ಕ ಬರುತ್ತದೆ.

ಕ್ರೋನೋಗ್ರಾಫ್‌ನ ಮುಖ್ಯ ವಿನ್ಯಾಸ, ಅಂದರೆ ಕಾಲಮ್ ವ್ಹೀಲ್ (ಕ್ರೋನೋಗ್ರಾಫ್‌ನ ಓಟ, ನಿಲುಗಡೆ ನಿಯಂತ್ರಿಸುವ ಕಂಬಗಳ ಚಕ್ರ) ಮತ್ತು ಅಡ್ಡಕ್ಕೆ ಸರಿದು ಕೂಡಿಕೊಳ್ಳುವ ಕ್ಲಚ್, ಹಾಗೇ ಉಳಿಯಿತು. 2000ದಲ್ಲಿ ಬಂದ ಸ್ವಂತ 4130 ಕ್ಯಾಲಿಬರ್‌ನಲ್ಲಿ ಲಂಬ (ಮೇಲೆ ಕೆಳಗೆ ಒತ್ತಿ ಕೂಡಿಕೊಳ್ಳುವ) ಕ್ಲಚ್ ಇದೆ. ಈ ಎರಡರಲ್ಲಿ ಯಾವುದೆಂದು ಮುಚ್ಚಳ ತೆಗೆಯದೆಯೂ ಗುರುತಿಸಬಹುದು: ಸದಾ ಓಡುವ ಸೆಕೆಂಡ್ ಮುಳ್ಳು 9ರ ಬಳಿ ಇದ್ದರೆ 4030, 6ರ ಬಳಿ ಇದ್ದರೆ 4130.

ಇನ್ನು, ಇದನ್ನು ಮೋಸ ಎನ್ನುವವರು ಪಾಟೆಕ್ ಫಿಲಿಪ್ಪನ್ನೂ ನೋಡಬೇಕು. ಅವರ ಸಿಎಚ್ 27-70 ಕ್ಯಾಲಿಬರ್ ಬೆಳೆದದ್ದು ಲೆಮಾನಿಯಾ ಕಂಪನಿಯ 1940ರ ದಶಕದ 2310 ಮೂವ್‌ಮೆಂಟಿನ ಮೇಲೆ. ಒಮೆಗಾದ 321 ಕೂಡ ಅದೇ ಮೂಲದ್ದು. ಪಾಟೆಕ್ ಜೈರೋಮ್ಯಾಕ್ಸ್ (ಪುಟ್ಟ ತೂಕಗಳಿಂದ ವೇಗ ಹೊಂದಿಸುವ) ಬ್ಯಾಲೆನ್ಸ್ ಹಾಕಿತು, ಕಾಲಮ್ ವ್ಹೀಲಿಗೆ ಟೊಪ್ಪಿ ತೊಡಿಸಿತು, ಉಕ್ಕಿನ ಅಂಚುಗಳನ್ನು ಓರೆ ಮಾಡಿ ಹೊಳಪು ಕೊಟ್ಟಿತು. ಕೊನೆಯದಕ್ಕೆ ತಗಲುವ ಕೈಕೆಲಸ ಬಹಳ.

ಪ್ರಶ್ನೆ: ಕ್ರೋನೋಗ್ರಾಫ್ ಶುರು ಮಾಡಿದಾಗ ಮುಳ್ಳು ಒಮ್ಮೆ ಹಾರುತ್ತದೆ. ಕೆಟ್ಟಿದೆಯೇ?

ಉತ್ತರ: ಅಡ್ಡ ಕ್ಲಚ್ ಇರುವ ವಾಚಿನಲ್ಲಿ ಸಣ್ಣ ಜಿಗಿತ ಸಹಜ; ಓಡುವ ಚಕ್ರದ ಹಲ್ಲು ನಿಂತ ಚಕ್ರದ ಹಲ್ಲಿನ ತುದಿಗೆ ಸಿಕ್ಕಾಗ ಹೀಗಾಗುತ್ತದೆ. ಪ್ರತಿ ಸಲವೂ ಜಿಗಿದರೆ, ಅಥವಾ ಮುಳ್ಳು ತಡವರಿಸುತ್ತ ಓಡಿದರೆ, ಹಲ್ಲುಗಳು ಕೂಡಿಕೊಳ್ಳುವ ಆಳ ಸರಿಯಿಲ್ಲದಿರಬಹುದು. ಎಕ್ಸೆಂಟ್ರಿಕ್ ಸ್ಕ್ರೂನಿಂದ (ನಡು ತಪ್ಪಿಸಿ ಮಾಡಿದ, ತಿರುಗಿಸಿದಂತೆ ಅಂತರ ಬದಲಿಸುವ ಸ್ಕ್ರೂ) ಸರಿಪಡಿಸುತ್ತಾರೆ. ತೀರ ಆಳ ಮಾಡಿದರೆ ಕ್ರೋನೋಗ್ರಾಫ್ ಒತ್ತಿದ ಕೂಡಲೇ ಬ್ಯಾಲೆನ್ಸಿನ ತೂಗಾಟ ಕುಸಿದು ವಾಚು ನಿಂತೂ ಹೋಗಬಹುದು. ಆದ್ದರಿಂದ ಹೊಂದಿಸಿದ ಮೇಲೆ ಟೈಮಿಂಗ್ ಯಂತ್ರದ (ವಾಚಿನ ಬಡಿತ ಅಳೆಯುವ ಯಂತ್ರ) ಮೇಲೆ ಕ್ರೋನೋಗ್ರಾಫ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ನೋಡಲು ಹೇಳಿ.

ಪ್ರಶ್ನೆ: ವಾಚಿನಲ್ಲಿರುವುದು ಮೂಲ ಮೂವ್‌ಮೆಂಟಿನ ಮೇಲೆ ಕೂರಿಸಿದ ಪ್ರತ್ಯೇಕ ಕ್ರೋನೋಗ್ರಾಫ್ ಮಾಡ್ಯೂಲೋ, ಒಡಲಲ್ಲೇ ಕಟ್ಟಿದ ಕ್ರೋನೋಗ್ರಾಫೋ ಎಂದು ತಿಳಿಯುವುದು ಹೇಗೆ?

ಉತ್ತರ: ಪಕ್ಕದಿಂದ ನೋಡಿ. ಕೀಲಿ ಕೊಡುವ ಕ್ರೌನ್ ಎರಡು ಗುಂಡಿಗಳಿಗಿಂತ ಬೆನ್ನಿನ ಕಡೆಗೆ ಕೆಳಗಿದ್ದರೆ ಹೆಚ್ಚಾಗಿ ಮಾಡ್ಯೂಲ್. ಒಮೆಗಾ ಸ್ಪೀಡ್‌ಮಾಸ್ಟರ್ ರೆಡ್ಯೂಸ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಇಟಿಎ ಕಂಪನಿಯ ಮೂವ್‌ಮೆಂಟಿನ ಡಯಲ್ ಬದಿಗೆ ದ್ಯುಬ್ವಾ ದೆಪ್ರಾ ಕಂಪನಿಯ ಮಾಡ್ಯೂಲ್ ಕೂತಿದೆ. ತಾರೀಖಿರುವ ಇಂಥ ವಾಚುಗಳಲ್ಲಿ ಅಂಕಿ ಹೆಚ್ಚಾಗಿ ಬಾವಿಯ ತಳದಲ್ಲಿದ್ದಂತೆ ಕಾಣುತ್ತದೆ. ಕೊಳ್ಳುವ ಮುನ್ನ ಮಾಡ್ಯೂಲ್ ಬದಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿಕೊಳ್ಳಿ. ಅನೇಕ ಕಡೆ ಅದನ್ನು ಬಿಚ್ಚಿ ರಿಪೇರಿ ಮಾಡುವುದಿಲ್ಲ, ಇಡಿಯಾಗಿ ಬದಲಿಸುತ್ತಾರೆ.